ಸುಡದೆ ಉಳಿದದ್ದೇ ಹೊಗೆ

ತಿಪಟೂರಿನಲ್ಲಿ ತೆಂಗು ಬೆಳೆಗಾರರು, ಚಿಪ್ಪಿನ ಇದ್ದಿಲು ಮಾಡುವವರು, ಕೊಬ್ಬರಿ ವ್ಯಾಪಾರಿಗಳು ಮತ್ತು ಎಂಜಿನಿಯರಿಂಗ್ ಓದುತ್ತಿರುವ ಕೆಲವು ಹುಡುಗ ಹುಡುಗಿಯರು ಒಟ್ಟಿಗೆ ಕುಳಿತಿದ್ದ ಸಭೆಯೊಂದರಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಲೆಕ್ಕಗಳನ್ನು ಬರೆಯುವಾಗ ಸೇರಿಸಿದ್ದೇನೆ, ವಾದವನ್ನು ಬದಲಿಸಿಲ್ಲ.

ಹವಾಮಾನ ನೀತಿ, ಹಸಿರು ಆರ್ಥಿಕತೆ ಎಂಬ ಮಾತುಗಳು ಬಂದಾಗ ತುಮಕೂರು ಜಿಲ್ಲೆಯವರಾದ ನಮ್ಮ ಕಣ್ಣಿಗೆ ಮೊದಲು ಕಟ್ಟುವುದು ಪಾವಗಡ. ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಹರಡಿಕೊಂಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕಿನ ಬಗ್ಗೆ ನನಗೂ ಹೆಮ್ಮೆಯಿದೆ, ಮುಂದೆ ಅದರಿಂದಲೇ ಒಂದು ಪಾಠವನ್ನು ಎರವಲು ಪಡೆಯುವವನಿದ್ದೇನೆ. ಆದರೆ ಜಿಲ್ಲೆಯ ಆ ತುದಿಯಲ್ಲಿ ಬಿಸಿಲಿನಿಂದ ವಿದ್ಯುತ್ ತೆಗೆಯುತ್ತಿರುವ ಹೊತ್ತಿನಲ್ಲೇ ಈ ತುದಿಯಲ್ಲಿ, ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ, ಗುಬ್ಬಿಯ ತೋಟಗಳ ನಡುವೆ, ತೆಂಗಿನ ಚಿಪ್ಪನ್ನು ಸುಟ್ಟು ಇದ್ದಿಲು ಮಾಡುವ ಗುಂಡಿಗಳಿಂದ ಹೊಗೆ ಏಳುತ್ತಿದೆ. ಚಳಿಗಾಲದ ಬೆಳಗಿನ ಜಾವ ನೆಲದ ಬಳಿಯ ಗಾಳಿ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗಿರುವಾಗ ಆ ಹೊಗೆ ಮೇಲೇರಲಾರದೆ ತೋಟದ ಮೇಲೆ ಹಾಸಿಕೊಂಡು, ಹೊತ್ತು ಏರುವವರೆಗೂ ಶಾಲೆಗೆ ಹೋಗುವ ಮಕ್ಕಳ ಜೊತೆಯಲ್ಲೇ ದಾರಿಯಲ್ಲಿ ನಿಂತಿರುತ್ತದೆ. ನನ್ನ ಮಾತೆಲ್ಲ ಈ ಹೊಗೆಯನ್ನು ಕುರಿತದ್ದು.

ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟಪಡಿಸಿಬಿಡುತ್ತೇನೆ. ಈ ಕಸುಬನ್ನು ಮುಚ್ಚಿಸಬೇಕೆಂದು ಹೇಳಲು ನಾನು ಬಂದಿಲ್ಲ. ಚಿಪ್ಪಿನ ಇದ್ದಿಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಹಬೆಯೊಡನೆ ಕಾಯಿಸಿದಾಗ ಸಿಗುವ ಆ್ಯಕ್ಟಿವೇಟೆಡ್ ಕಾರ್ಬನ್ ಎಂಬ ವಸ್ತುವಿನ ಒಂದು ಗ್ರಾಮಿನೊಳಗೆ ಅಡಗಿರುವ ಸೂಕ್ಷ್ಮ ರಂಧ್ರಗಳ ಮೇಲ್ಮೈಯನ್ನು ಬಿಡಿಸಿ ಹರಡಿದರೆ ಅದು ಸುಮಾರು ಸಾವಿರ ಚದರ ಮೀಟರ್ ಆಗುತ್ತದೆ. ಕುಡಿಯುವ ನೀರಿನ ಶುದ್ಧೀಕರಣಕ್ಕೆ, ಕಾರ್ಖಾನೆಗಳ ವಿಷಾನಿಲವನ್ನು ಹೀರಿಕೊಳ್ಳುವುದಕ್ಕೆ, ಚಿನ್ನದ ಗಣಿಗಳಲ್ಲಿ ಸೈನೈಡ್ ದ್ರಾವಣದಿಂದ ಚಿನ್ನವನ್ನು ಹಿಡಿದು ತೆಗೆಯುವುದಕ್ಕೆ ಅದು ಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ ವಿಷಾನಿಲ ತಡೆಯುವ ಮುಖವಾಡಗಳಿಗೆ ತೆಂಗಿನ ಚಿಪ್ಪಿನ ಇದ್ದಿಲೇ ಶ್ರೇಷ್ಠವೆಂದು ಕಂಡುಕೊಂಡಿದ್ದರು. ಬೇರೆಲ್ಲೋ ಗಾಳಿಯನ್ನು ಶುದ್ಧ ಮಾಡಲಿರುವ ವಸ್ತುವಿಗಾಗಿ ನಮ್ಮ ಹಳ್ಳಿಯ ಗಾಳಿ ಕೆಡುತ್ತಿದೆ ಎಂಬುದು ನನ್ನನ್ನು ಬಹಳ ದಿನಗಳಿಂದ ನೋಯಿಸಿದ ಸಂಗತಿ.

ಗುಂಡಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಕಸುಬಿನವರು ನನಗಿಂತ ಚೆನ್ನಾಗಿ ಬಲ್ಲರು. ಚಿಪ್ಪಿಗೆ ಬೆಂಕಿ ಹಾಕಿ, ಅದು ಹಿಡಿದುಕೊಂಡ ಮೇಲೆ ಇನ್ನಷ್ಟು ಚಿಪ್ಪು ಸುರಿದು, ಬಾಯಿಗೆ ತಗಡು ಮುಚ್ಚಿ ಮಣ್ಣು ಮೆತ್ತಿ ಗಾಳಿಯನ್ನು ಕಟ್ಟಿಹಾಕುತ್ತಾರೆ. ಗಾಳಿ ಸಿಗದೆ ಶಾಖ ಮಾತ್ರ ಸಿಕ್ಕಾಗ ಚಿಪ್ಪು ಉರಿಯುವುದಿಲ್ಲ, ಒಡೆಯುತ್ತದೆ. ಅದರೊಳಗಿನ ಇಂಗಾಲದ ಒಂದು ಪಾಲು ಇದ್ದಿಲಾಗಿ ಉಳಿದು ಮಿಕ್ಕದ್ದೆಲ್ಲ ಅನಿಲವಾಗಿ ಹೊರಬೀಳುತ್ತದೆ. ಒಂದು ಟನ್ ಒಣ ಚಿಪ್ಪು ಸುಟ್ಟರೆ ಕೈಗೆ ಬರುವ ಇದ್ದಿಲು 250ರಿಂದ 300 ಕಿಲೋ. ಉಳಿದ 700 ಕಿಲೋ ಎಲ್ಲಿ ಹೋಯಿತು? ನೀರಿನ ಆವಿ ಮತ್ತು ಇಂಗಾಲದ ಡೈಆಕ್ಸೈಡ್ ಒಂದಷ್ಟು. ಅದರ ಜೊತೆಗೆ ಕಾರ್ಬನ್ ಮಾನಾಕ್ಸೈಡ್, ಮೀಥೇನ್, ಹುಳಿ ವಾಸನೆಯ ಅಸಿಟಿಕ್ ಆಮ್ಲ, ಅಂಟಂಟಾದ ಟಾರು, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ಮುಚ್ಚಳ ತೆಗೆಯುವ ಹೊತ್ತಿಗೆ ಗುಂಡಿಯ ಅಂಚಿನಲ್ಲಿ ನಿಲ್ಲುವವರಿಗೆ ತಲೆ ಸುತ್ತುವುದಕ್ಕೆ ಕಾರಣ ಆ ಮಾನಾಕ್ಸೈಡ್. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದುಕೊಳ್ಳುತ್ತದೆ.

ಈಗ ಇಂಧನದ ಲೆಕ್ಕ ಹಾಕೋಣ. ಒಂದು ಕಿಲೋ ಚಿಪ್ಪಿನಲ್ಲಿರುವ ಶಾಖದ ಶಕ್ತಿ ಸುಮಾರು 18 ಮೆಗಾಜೂಲ್, ಒಂದು ಕಿಲೋ ಇದ್ದಿಲಿನಲ್ಲಿ ಸುಮಾರು 29. ಹಾಗಾದರೆ ಒಂದು ಟನ್ ಚಿಪ್ಪಿನ 18,000 ಮೆಗಾಜೂಲಿನಲ್ಲಿ 280 ಕಿಲೋ ಇದ್ದಿಲಿನೊಳಗೆ ಉಳಿದದ್ದು 8,000ದ ಆಸುಪಾಸು. ಅರ್ಧಕ್ಕಿಂತ ಹೆಚ್ಚಿನ ಪಾಲು ಹೊಗೆಯಾಗಿ, ಬಿಸಿಯಾಗಿ ತೋಟದ ಮೇಲೆ ಹಾರಿಹೋಯಿತು. ಇದೇ ತಾಲ್ಲೂಕಿನಲ್ಲಿ ತೆಂಗಿನ ಪುಡಿ ಮಾಡುವ ಘಟಕಗಳವರು ಅರ್ಧದಷ್ಟು ನೀರಿರುವ ಹಸಿ ತಿರುಳನ್ನು ನೂರಕ್ಕೆ ಮೂರು ಪಾಲು ತೇವಕ್ಕೆ ಇಳಿಸಲು ಬಿಸಿ ಗಾಳಿಗಾಗಿ ದುಡ್ಡು ಕೊಟ್ಟು ಇಂಧನ ತರುತ್ತಾರೆ. ಹಾರಿಹೋದ ಶಾಖದಲ್ಲಿ ಅರ್ಧವನ್ನು ಹಿಡಿದಿಟ್ಟುಕೊಂಡರೂ, ಒಣಗಿಸುವಾಗ ಆಗುವ ನಷ್ಟವನ್ನೆಲ್ಲ ಕಳೆದು, ಒಂದು ಟನ್ ಚಿಪ್ಪಿನ ಹೊಗೆಯಿಂದ ಸುಮಾರು ಎರಡು ಟನ್ ತಿರುಳನ್ನು ಒಣಗಿಸಬಹುದು ಎಂಬುದು ನನ್ನ ಅಂದಾಜು. ಒಬ್ಬರು ಕಾಸು ಕೊಟ್ಟು ಕೊಳ್ಳುವ ವಸ್ತುವನ್ನು ಪಕ್ಕದ ಹಳ್ಳಿಯ ಇನ್ನೊಬ್ಬರು ಆಕಾಶಕ್ಕೆ ಬಿಡುತ್ತಿದ್ದಾರೆ.

ಹೊಗೆಯೆಂದರೆ ಸುಡದೆ ಉಳಿದ ಸೌದೆ ಎಂಬ ಮಾತನ್ನು ನಾನು ಕಾಲೇಜಿಗಿಂತ ಮೊದಲು ಅಜ್ಜಿಯ ಅಡುಗೆಮನೆಯಲ್ಲಿ ಕಲಿತೆ. ನಮ್ಮದು ಕುಣಿಗಲ್ ತಾಲ್ಲೂಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದ ಹಳ್ಳಿಯ ನೆಲೆ ಇದ್ದದ್ದು ನಮ್ಮ ತಾಲ್ಲೂಕಿನ ಉಂಗ್ರದಲ್ಲಿ. ಅಲ್ಲಿಂದ ಹರಡಿದ ಅಸ್ತ್ರ ಒಲೆಯಲ್ಲಿ ಮೂರು ಪಾತ್ರೆ ಇಡುವ ಜಾಗ, ಸೌದೆಯ ಕೆಳಗಿನಿಂದ ಗಾಳಿ ಹೋಗಲು ಜಾಲರಿ, ಹೊಗೆಗೆ ಕೊಳವೆ ಇದ್ದವು. ಹಳೆಯ ಒಲೆ ತಿನ್ನುತ್ತಿದ್ದುದಕ್ಕಿಂತ ಕಡಿಮೆ ಸೌದೆಯಲ್ಲಿ ಅಡುಗೆಯೂ ಆಗಿ, ಹಂಡೆಯ ನೀರೂ ಕಾಯುತ್ತಿದ್ದುದನ್ನು ಕಂಡ ಅಜ್ಜಿ, ‘ಕಣ್ಣುರಿ ಹೋಯ್ತು, ಸೌದೆನೂ ಉಳೀತು, ಎರಡೂ ಒಂದೇ ಕೆಲಸ’ ಎಂದಿದ್ದರು. ಇಂದು ಹವಾಮಾನ ನೀತಿಯ ಪಂಡಿತರು ಆರೋಗ್ಯದ ಲಾಭ ಮತ್ತು ಹವಾಮಾನದ ಲಾಭ ಜೊತೆಯಲ್ಲೇ ಬರುತ್ತವೆ ಎಂದು ದೊಡ್ಡ ವರದಿಗಳಲ್ಲಿ ಬರೆಯುವಾಗ ನನಗೆ ಆ ಮಾತು ನೆನಪಾಗುತ್ತದೆ.

ಅದೇ ತಾಲ್ಲೂಕಿನ ಹೊಸಹಳ್ಳಿ ಎಂಬ ಪುಟ್ಟ ಊರಿನಲ್ಲಿ 1988ರಲ್ಲಿ ಸೌದೆಯನ್ನು ಅನಿಲವಾಗಿಸಿ ಎಂಜಿನ್ ಓಡಿಸಿ ಮನೆಗಳಿಗೆ ದೀಪ ಹಚ್ಚಿದರು. ನೀರೆತ್ತುವುದಕ್ಕೂ ಹಿಟ್ಟಿನ ಗಿರಣಿಗೂ ಅದೇ ವಿದ್ಯುತ್ ಬಳಕೆಯಾಯಿತು. ಆಮೇಲೆ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 500 ಕಿಲೋವಾಟ್ ಸಾಮರ್ಥ್ಯದ ಅನಿಲೀಕರಣ ಸ್ಥಾವರವನ್ನು ನಿಲ್ಲಿಸಿ, ಗ್ರಾಮ ಪಂಚಾಯತಿಯ ವಿದ್ಯುತ್ತನ್ನು ಬೆಸ್ಕಾಂ ಜಾಲಕ್ಕೆ ಮಾರಿದ್ದೂ ಇದೇ ಜಿಲ್ಲೆಯಲ್ಲಿ. ಈ ಪ್ರಯೋಗಗಳು ಎಲ್ಲೆಡೆ ಹಬ್ಬಿ ಬೇರೂರಲಿಲ್ಲ ನಿಜ. ಸೌದೆಯ ಪೂರೈಕೆ, ಯಂತ್ರದ ನಿರ್ವಹಣೆ, ಮಾರಿದ ವಿದ್ಯುತ್ತಿನ ದರ ಇವೆಲ್ಲ ಇಂಥ ಸ್ಥಾವರಗಳನ್ನು ಕಾಡುವ ತೊಡಕುಗಳು. ಆದರೂ ಹೊಗೆಯನ್ನು ಹಿಡಿದು ಸುಡುವ ವಿದ್ಯೆ ನಮಗೆ ಹೊಸದಲ್ಲ, ನಮ್ಮ ನೆಲದಲ್ಲೇ ಕಲಿತು ಮರೆತದ್ದು ಎಂಬುದನ್ನು ಇಲ್ಲಿರುವ ವಿದ್ಯಾರ್ಥಿಗಳು ತಿಳಿದಿರಬೇಕು.

ಇಷ್ಟೆಲ್ಲ ಗೊತ್ತಿದ್ದೂ ಗುಂಡಿಯ ಹೊಗೆ ಹಾಗೇ ಏಕೆ ಉಳಿದಿದೆ? ನನ್ನ ಉತ್ತರ ಇದು: ನಮ್ಮ ಕಾನೂನನ್ನು ಚಿಮಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ. 1981ರ ವಾಯು ಮಾಲಿನ್ಯ ಕಾಯ್ದೆಯ ಪ್ರಕಾರ ಕಾರ್ಖಾನೆ ಕಟ್ಟುವ ಮುನ್ನ ಒಂದು ಸಮ್ಮತಿ ಪತ್ರ, ನಡೆಸುವುದಕ್ಕೆ ಇನ್ನೊಂದು ಸಮ್ಮತಿ ಪತ್ರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಬೇಕು. ಚಿಮಣಿ ಎಷ್ಟು ಎತ್ತರವಿರಬೇಕು, ಅದರ ಬಾಯಲ್ಲಿ ಒಂದು ಘನ ಮೀಟರ್ ಗಾಳಿಗೆ ಎಷ್ಟು ಮಿಲಿಗ್ರಾಂ ಧೂಳು ಇರಬಹುದು ಎಂಬ ಮಿತಿಗಳಿವೆ. ದೊಡ್ಡ ಸಿಮೆಂಟ್ ಕಾರ್ಖಾನೆಗೆ ಈ ಚೌಕಟ್ಟು ಸರಿಯಾಗಿ ಹೊಂದುತ್ತದೆ. ಅಲ್ಲಿ ಚಿಮಣಿ ಇದೆ, ಅದರೊಳಗೆ ಹಗಲು ರಾತ್ರಿ ಅಳೆಯುವ ಉಪಕರಣ ಕೂರಿಸಬಹುದು, ಹೊಣೆ ಹೊರುವ ಎಂಜಿನಿಯರ್ ಇದ್ದಾರೆ. ಗುಂಡಿಗೆ ಚಿಮಣಿಯೇ ಇಲ್ಲ. ಅಳೆಯುವ ಉಪಕರಣವನ್ನು ಎಲ್ಲಿ ತೂರಿಸುವುದು? ಹೀಗಾಗಿ ಅಧಿಕಾರಿಗಳ ಕೈಯಲ್ಲಿ ಉಳಿಯುವುದು ಎರಡೇ ದಾರಿ, ಕಣ್ಣು ಮುಚ್ಚುವುದು ಇಲ್ಲವೇ ಬೀಗ ಹಾಕುವುದು. ದೂರು ಬಂದಾಗ ಬೀಗ ಬೀಳುತ್ತದೆ, ಕೆಲವು ತಿಂಗಳಿಗೆ ಅದೇ ಗುಂಡಿ ಇನ್ನೊಂದು ಹಳ್ಳಿಯ ಅಂಚಿನಲ್ಲಿ ಹೊಗೆಯಾಡುತ್ತದೆ.

ತಡವಾಗಿ ಬೀಳುವ ಬೀಗದ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದನ್ನು ಚಿಕ್ಕನಾಯಕನಹಳ್ಳಿಯವರು ಬಲ್ಲರು. ಕಬ್ಬಿಣದ ಅದಿರಿನ ಗಣಿಗಾರಿಕೆ ಹದ್ದು ಮೀರಿದ ಮೇಲೆ 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಗಣಿಗಳನ್ನು ಒಟ್ಟಿಗೇ ನಿಲ್ಲಿಸಿತು. ಆ ತೀರ್ಮಾನ ಬೇಕಾಗಿತ್ತು. ಆದರೆ ಮೊದಲೇ ಹತೋಟಿಯಲ್ಲಿಟ್ಟಿದ್ದರೆ ಕೂಲಿಯವರೂ ಲಾರಿ ಚಾಲಕರೂ ರಾತ್ರೋರಾತ್ರಿ ಕೆಲಸ ಕಳೆದುಕೊಳ್ಳುವ ಸ್ಥಿತಿ ಬರುತ್ತಿರಲಿಲ್ಲ.

ಹಣ ಹರಿಯುವ ದಾರಿಯೂ ಚಿಮಣಿಯನ್ನೋ ನಗರವನ್ನೋ ಹುಡುಕಿಕೊಂಡು ಹೋಗುತ್ತದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ಪಟ್ಟಿಯಲ್ಲಿ ದೇಶದ 131 ನಗರಗಳಿವೆ; ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ತುಮಕೂರು ಅದರಲ್ಲಿಲ್ಲ, ಹಳ್ಳಿಗಳ ಮಾತು ದೂರವೇ ಉಳಿಯಿತು. ಪಿಎಂ 2.5 ಎಂಬ ಅತಿ ಸಣ್ಣ ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಗಾಳಿಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ ಎಂದು ನಾವೆಲ್ಲ ಹೇಳುತ್ತೇವೆ, ಆದರೆ ಅನುದಾನಕ್ಕೆ ಗಡಿ ಚೆನ್ನಾಗಿ ಗೊತ್ತು.

ಸೂರತ್ತಿನಲ್ಲಿ 2019ರಿಂದ ಒಂದು ಒಳ್ಳೆಯ ಪ್ರಯೋಗ ನಡೆದಿದೆ. ಕಲ್ಲಿದ್ದಲು ಸುಡುವ ಸುಮಾರು 300 ಕಾರ್ಖಾನೆಗಳು ಒಟ್ಟಾಗಿ ಎಷ್ಟು ಧೂಳು ಬಿಡಬಹುದೆಂದು ಗುಜರಾತಿನ ಮಂಡಳಿ ಮಿತಿ ಹಾಕಿ, ಆ ಮಿತಿಯೊಳಗೆ ಪರವಾನಗಿಗಳನ್ನು ಪರಸ್ಪರ ಕೊಳ್ಳಲು ಮಾರಲು ಬಿಟ್ಟಿತು. ಕಡಿಮೆ ಖರ್ಚಿನಲ್ಲಿ ಧೂಳು ಇಳಿಸಬಲ್ಲವನು ಹೆಚ್ಚು ಇಳಿಸಿ ಮಿಕ್ಕ ಪರವಾನಗಿಯನ್ನು ಮಾರಿಕೊಂಡ. ಧೂಳು ನೂರಕ್ಕೆ 20ರಿಂದ 30ರಷ್ಟು ಇಳಿಯಿತೆಂದು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ನಮಗೂ ಅಂಥದ್ದೇ ತನ್ನಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಅದು ಅಲ್ಲಿ ನಡೆದದ್ದು ಪ್ರತಿ ಚಿಮಣಿಯೊಳಗೂ ಅಳತೆಯ ಉಪಕರಣ ಇದ್ದುದರಿಂದ. ನಮಗೆ ಮೊದಲು ಹೊಗೆಯನ್ನು ಒಂದು ಕೊಳವೆಯೊಳಗೆ ತರಬೇಕಾಗಿದೆ.

ತಂತ್ರಜ್ಞಾನದ ಬಗ್ಗೆ ಒಂದು ಎಚ್ಚರಿಕೆಯ ಮಾತು. ಧೂಳು ಹಿಡಿಯುವ ಯಂತ್ರವೆಂದರೆ ಎಲ್ಲವೂ ಒಂದೇ ಎಂದು ತಿಳಿದು ಕೈ ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ಗಾಳಿಯನ್ನು ಸುತ್ತಿಸಿ ದಪ್ಪ ಧೂಳನ್ನು ಕೆಳಗೆ ಬೀಳಿಸುವ ಸೈಕ್ಲೋನ್ ಅಕ್ಕಿ ಗಿರಣಿಗೆ ಸಾಕಾಗಬಹುದು. ಇದ್ದಿಲಿನ ಹೊಗೆಯ ಸಣ್ಣ ಕಣ ಅದಕ್ಕೆ ಸಿಗುವುದಿಲ್ಲ. ಬಟ್ಟೆಯ ಚೀಲಗಳಲ್ಲಿ ಸೋಸುವ ಬ್ಯಾಗ್ ಫಿಲ್ಟರ್ ಒಣ ಧೂಳಿಗೆ ಅತ್ಯುತ್ತಮ, ಆದರೆ ಟಾರು ತುಂಬಿದ ಹೊಗೆ ಬಿಟ್ಟರೆ ಚೀಲದ ರಂಧ್ರಗಳೆಲ್ಲ ಅಂಟಿ ಮುಚ್ಚಿಹೋಗುತ್ತವೆ. ನೀರು ಚಿಮುಕಿಸಿ ತೊಳೆದರೆ ಹೊಗೆ ಕಡಿಮೆಯಾಗುತ್ತದೆ, ಬದಲಿಗೆ ಟಾರಿನ ಕಪ್ಪು ನೀರು ಹಳ್ಳ ಸೇರುತ್ತದೆ. ಗಾಳಿಯ ರೋಗವನ್ನು ಬಾವಿಗೆ ದಾಟಿಸಿದಂತೆ. ಈ ಹೊಗೆಗೆ ತಕ್ಕ ಮದ್ದು ಅದನ್ನು ಪೂರ್ತಿ ಸುಡುವುದೇ. ಮುಚ್ಚಿದ ಗೂಡಿನಿಂದ ಅನಿಲವನ್ನು ಕೊಳವೆಯಲ್ಲಿ ಎಳೆದು, ಇಟ್ಟಿಗೆಯ ಒಳಮೈ ಇರುವ ಕೋಣೆಯಲ್ಲಿ 850 ಡಿಗ್ರಿಗೂ ಮೇಲಿನ ಶಾಖದಲ್ಲಿ ಹೊಸ ಗಾಳಿಯೊಡನೆ ಚೆನ್ನಾಗಿ ಕಲಸಿ ಸ್ವಲ್ಪ ಹೊತ್ತು ನಿಲ್ಲಿಸಬೇಕು. ಶಾಖ, ಸಮಯ, ಕಲಸುವಿಕೆ ಈ ಮೂರರಲ್ಲಿ ಒಂದು ಕಡಿಮೆಯಾದರೂ ಹೊಗೆ ಉಳಿಯುತ್ತದೆ. ಮೂರೂ ಇದ್ದರೆ ಟಾರು, ಮಾನಾಕ್ಸೈಡ್, ಮೀಥೇನ್ ಎಲ್ಲವೂ ಉರಿದು, ಕೋಣೆಯಿಂದ ಹೊರಬರುವ ಬಿಸಿ ಗಾಳಿ ತಿರುಳು ಒಣಗಿಸುವುದಕ್ಕೋ ಹಬೆ ಎಬ್ಬಿಸುವುದಕ್ಕೋ ಒದಗುತ್ತದೆ. ಶ್ರೀಲಂಕಾದಲ್ಲಿ ಚಿಪ್ಪಿನ ಇದ್ದಿಲು ಮಾಡುವಾಗ ಸಿಗುವ ಈ ಶಾಖದಿಂದ ವಿದ್ಯುತ್ತನ್ನೇ ತೆಗೆಯುತ್ತಿದ್ದಾರೆ.

ಇದಕ್ಕೂ ಹವಾಮಾನಕ್ಕೂ ಏನು ಸಂಬಂಧ ಎಂದು ಒಬ್ಬ ವಿದ್ಯಾರ್ಥಿನಿ ನಡುವೆಯೇ ಕೇಳಿದರು; ಚಿಪ್ಪಿನ ಇಂಗಾಲವನ್ನು ಮರ ಮತ್ತೆ ಹೀರಿಕೊಳ್ಳುತ್ತದಲ್ಲವೇ ಎಂಬುದು ಅವರ ಪ್ರಶ್ನೆ. ಸರಿಯಾದ ಪ್ರಶ್ನೆ. ಚಿಪ್ಪು ಪೂರ್ತಿ ಉರಿದು ಡೈಆಕ್ಸೈಡ್ ಆದರೆ ಆ ಲೆಕ್ಕ ಹೊಂದುತ್ತದೆ. ಅರೆಬರೆ ಉರಿದು ಮೀಥೇನ್ ಆದರೆ ಹೊಂದುವುದಿಲ್ಲ, ಏಕೆಂದರೆ ಇಪ್ಪತ್ತು ವರ್ಷಗಳ ಅವಧಿಗೆ ನೋಡಿದರೆ ಒಂದು ಟನ್ ಮೀಥೇನ್ ಸುಮಾರು 80 ಟನ್ ಡೈಆಕ್ಸೈಡಿನಷ್ಟು ಬಿಸಿ ಹಿಡಿಯುತ್ತದೆ. ಮಸಿಯ ಕಣವೂ ಬಿಸಿಲನ್ನು ಹೀರುತ್ತದೆ, ಆದರೆ ಗಾಳಿಯಲ್ಲಿ ಅದು ಉಳಿಯುವುದು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಹಾಗಾಗಿ ಇಂಥ ಹೊಗೆಯನ್ನು ನಿಲ್ಲಿಸಿದರೆ ಫಲ ನಮ್ಮ ಕಣ್ಣೆದುರೇ ಸಿಗುತ್ತದೆ. ಭಾರತ 2070ಕ್ಕೆ ನಿವ್ವಳ ಶೂನ್ಯ, ಅಂದರೆ ಗಾಳಿಗೆ ಬಿಟ್ಟಷ್ಟೇ ಬಿಸಿ ಹಿಡಿಯುವ ಅನಿಲವನ್ನು ಹಿಂತೆಗೆಯುವ ಸ್ಥಿತಿ, ತಲುಪುವುದಾಗಿ 2021ರಲ್ಲಿ ಗ್ಲಾಸ್ಗೋದಲ್ಲಿ ಘೋಷಿಸಿತು. ಗುಂಡಿಯ ಪಕ್ಕದ ಮನೆಯವರು ಅಷ್ಟು ಕಾಲ ಕಾಯಬೇಕಾಗಿಲ್ಲ.

ಸುಡುವ ಕೋಣೆ, ಕೊಳವೆ, ಫ್ಯಾನು ಇವನ್ನೆಲ್ಲ ಒಂದೊಂದು ಗುಂಡಿಯವರೂ ಕಟ್ಟಿಕೊಳ್ಳಬೇಕೆಂದರೆ ಆಗದ ಮಾತು. ಇಲ್ಲಿ ಪಾವಗಡದ ಪಾಠ ಬೇಕಾಗುತ್ತದೆ. ಅಲ್ಲಿ ರೈತರಿಂದ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಸುವ ಕರಾರಿನಲ್ಲಿ ಗುತ್ತಿಗೆಗೆ ಪಡೆದು, ರಸ್ತೆ, ತಂತಿ, ಉಪಕೇಂದ್ರಗಳನ್ನು ಸರ್ಕಾರದ ಪಾಲುದಾರಿಕೆಯ ಕಂಪನಿಯೇ ಕಟ್ಟಿ, ಸೌರ ಕಂಪನಿಗಳು ಬಂದು ತಮ್ಮ ಫಲಕಗಳನ್ನು ಜೋಡಿಸುವಷ್ಟನ್ನೇ ಉಳಿಸಿದ್ದರು. ಜಮೀನಿಲ್ಲದ ಕೂಲಿಯವರಿಗೆ ಆ ಗುತ್ತಿಗೆಯ ಹಣದಲ್ಲಿ ಪಾಲಿರಲಿಲ್ಲ ಎಂಬ ಕೊರತೆಯನ್ನು ನಾನು ಮರೆತಿಲ್ಲ. ಆದರೆ ಸಾವಿರಾರು ಕೋಟಿಯ ಕಂಪನಿಗಳಿಗೆ ಸಾಮೂಹಿಕ ಸೌಲಭ್ಯ ಕಟ್ಟಿಕೊಟ್ಟ ಸರ್ಕಾರ ಚಿಪ್ಪು ಸುಡುವವರಿಗೆ ಮಾತ್ರ ನಿಮ್ಮ ಹೊಗೆ ನಿಮ್ಮ ಹಣೆಬರಹ ಎನ್ನುವುದು ನ್ಯಾಯವಲ್ಲ. ಹತ್ತಿಪ್ಪತ್ತು ಘಟಕಗಳಿಗೆ ಒಂದರಂತೆ ಊರಿನಿಂದ ದೂರದಲ್ಲಿ ಮುಚ್ಚಿದ ಗೂಡುಗಳ ಸಾಮೂಹಿಕ ಕೇಂದ್ರ, ಅದಕ್ಕೆ ಒಂದೇ ಚಿಮಣಿ, ಆ ಚಿಮಣಿಗೆ ಒಂದು ಸಮ್ಮತಿ ಪತ್ರ, ಪಕ್ಕದಲ್ಲಿ ಶಾಖವನ್ನು ಕೊಳ್ಳುವ ತೆಂಗಿನ ಪುಡಿಯ ಘಟಕ: ನಾನು ಕೇಳುತ್ತಿರುವುದು ಇಷ್ಟು. ಸಣ್ಣ ಕಾರ್ಖಾನೆಗಳ ಕೊಳಚೆ ನೀರಿಗೆ ಸಾಮೂಹಿಕ ಶುದ್ಧೀಕರಣ ಘಟಕಗಳು ದೇಶದ ಎಷ್ಟೋ ಕೈಗಾರಿಕಾ ಪ್ರದೇಶಗಳಲ್ಲಿವೆ. ಹೊಗೆಗೆ ಅಂಥದ್ದು ಏಕಿಲ್ಲ?

ಹಣಕ್ಕೆ ದಾರಿಗಳಿವೆ. 2023ರ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯಲ್ಲಿ ಸಿಮೆಂಟಿನಂಥ ದೊಡ್ಡ ಉದ್ದಿಮೆಗಳಿಗೆ ಬಿಸಿ ಹಿಡಿಯುವ ಅನಿಲಗಳನ್ನು ಇಳಿಸುವ ಗುರಿ ಕಡ್ಡಾಯವಾಗಿದೆ, ಅದರ ಹೊರಗಿರುವವರು ತಾವಾಗಿ ಅವನ್ನು ಇಳಿಸಿ, ಇಳಿಸಿದಷ್ಟಕ್ಕೆ ಮಾರಬಹುದಾದ ಕ್ರೆಡಿಟ್ ಪಡೆಯುವುದಕ್ಕೂ ಬಾಗಿಲಿದೆ. ಒಂಟಿ ಗುಂಡಿಗೆ ಆ ಬಾಗಿಲು ಬಹಳ ಎತ್ತರ, ಪರಿಶೀಲನೆಯ ಖರ್ಚೇ ಅದನ್ನು ನುಂಗುತ್ತದೆ. ಇಪ್ಪತ್ತು ಘಟಕಗಳ ಒಂದು ಕೇಂದ್ರಕ್ಕೆ ಅದು ಎಟುಕಬಹುದು. 2023ರ ಜನ್ ವಿಶ್ವಾಸ್ ಕಾಯ್ದೆ ವಾಯು ಮಾಲಿನ್ಯ ಕಾಯ್ದೆಯ ಹಲವು ತಪ್ಪುಗಳಿಗೆ ಜೈಲಿನ ಬದಲು 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ ಇಟ್ಟಿದೆ. ದಂಡದ ಹಣ ಹೊಗೆ ಕುಡಿದ ಹಳ್ಳಿಯ ಪರಿಹಾರಕ್ಕೇ ಮರಳಬೇಕೆಂದು ಗ್ರಾಮ ಪಂಚಾಯತಿಗಳು ಠರಾವು ಮಾಡಿ ಕೇಳಬೇಕು ಎಂಬುದು ನನ್ನ ಒತ್ತಾಯ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಹಿರಿಯ ಬೆಳೆಗಾರರೊಬ್ಬರು ಎದ್ದು ನಿಂತರು. ‘ಮೇಷ್ಟ್ರೇ, ಹೊಗೆ ನಿಲ್ಲೋದು ಸಂತೋಷನೇ. ನೀವು ಹೇಳೋ ಕೇಂದ್ರ ಬಂದ್ರೆ ನಮ್ಮ ಚಿಪ್ಪಿನ ರೇಟು ಏರುತ್ತೋ ಇಳಿಯುತ್ತೋ, ಅದನ್ನ ಹೇಳಿ’ ಎಂದರು. ಅವರ ಆತಂಕ ಸರಿಯಾದದ್ದು. ಸುತ್ತಲಿನ ಗುಂಡಿಗಳೆಲ್ಲ ಮುಚ್ಚಿ, ಒಬ್ಬನೇ ಸಾಹುಕಾರನ ಕೈಯಲ್ಲಿ ಒಂದೇ ಕೇಂದ್ರ ಉಳಿದರೆ ಅವನು ಹೇಳಿದ್ದೇ ರೇಟು. ಆದ್ದರಿಂದ ಅದು ರಾಗಿ ಬೀಸುವ ಗಿರಣಿಯ ಹಾಗೆ ನಡೆಯಬೇಕು ಎಂದೆ. ರಾಗಿ ನಮ್ಮದು, ಹಿಟ್ಟೂ ನಮ್ಮದು, ಗಿರಣಿಯವನಿಗೆ ಬೀಸುವ ಕೂಲಿ. ಅದೇ ರೀತಿ ಚಿಪ್ಪೂ ಇದ್ದಿಲೂ ತಂದವರದೇ ಆಗಿರಬೇಕು, ಕೇಂದ್ರದ ಒಡೆತನ ಬೆಳೆಗಾರರ ಮತ್ತು ಇದ್ದಿಲಿನವರ ಸಹಕಾರ ಸಂಘದ್ದಾಗಿರಬೇಕು, ಶಾಖ ಮಾರಿದ ಹಣದಿಂದ ಸುಡುವ ಕೂಲಿ ಇಳಿಯಬೇಕು.

ಅವರು ಕೂರಲಿಲ್ಲ. ‘ಹಂಗಾದ್ರೆ ತೂಕ ಯಾರು ಮಾಡ್ತಾರೆ?’ ಎಂದರು. ಅದಕ್ಕೆ ನನಗಿಂತ ಮೊದಲು ಉತ್ತರ ಕೊಟ್ಟವರು ಇಪ್ಪತ್ತು ವರ್ಷದಿಂದ ಗುಂಡಿ ನಡೆಸುತ್ತಿರುವ ಒಬ್ಬ ಹೆಂಗಸು. ‘ಅಣ್ಣಾ, ಒಣ ಚಿಪ್ಪು ನಾಲ್ಕು ಕ್ವಿಂಟಲ್ ಹಾಕಿದ್ರೆ ಒಂದು ಕ್ವಿಂಟಲ್ ಇದ್ದಿಲು ಬಂದೇ ಬರುತ್ತೆ. ಹೋಗೋವಾಗ ಒಂದ್ಸಲ, ಬರೋವಾಗ ಒಂದ್ಸಲ ನಿಮ್ಮ ಕಣ್ಣೆದುರಿಗೇ ತೂಗಿ, ಬೋರ್ಡಿನ ಮೇಲೆ ಬರೆದುಬಿಡಲಿ. ಹಸಿ ಚಿಪ್ಪು ತಂದು ಇದ್ದಿಲು ಕಮ್ಮಿ ಬಂತು ಅಂತ ಜಗಳಕ್ಕೆ ಮಾತ್ರ ಬರಬೇಡಿ’ ಎಂದರು. ಸಹಕಾರ ಸಂಘದ ನಿಯಮಾವಳಿಯ ಕರಡಿಗೆ ನಾವು ಅಂದು ಬರೆದುಕೊಂಡ ಮೊದಲ ಸಾಲು ಅದು.